ನೆತ್ತಿಯ ಮೇಲಿನ ಪುಷ್ಯ

ಮೂಡಿಗೆರೆ ತಾಲ್ಲೂಕಿನ ಬಾಳೂರಿನ ಕಡೆ ಪುಷ್ಯ ಅಂದರೆ ಮಳೆ. ಜುಲೈ 20ರ ಆಸುಪಾಸಿನಲ್ಲಿ ಹಿಡಿದರೆ ಆಗಸ್ಟ್ 2-3ರವರೆಗೆ ಅದರ ಅವಧಿ. ಹಿಂದೆ ಆರಿದ್ರೆ, ಪುನರ್ವಸು. ಮುಂದೆ ಆಶ್ಲೇಷ, ಮಘೆ. ಕಳಸ, ಕೊಟ್ಟಿಗೆಹಾರ, ಜಾವಳಿ ಸುತ್ತಿನ ತೋಟದವರಿಗೆ ಈ ಹೆಸರುಗಳು ಕ್ಯಾಲೆಂಡರಿನ ತಿಂಗಳುಗಳಿಗಿಂತ ಹೆಚ್ಚು ಬಳಕೆಯವು. ಪುನರ್ವಸು ಕೈಕೊಟ್ಟಿತು, ಪುಷ್ಯ ಎಷ್ಟು ಇಂಚು ಹೊಯ್ಯಿತು, ಕಾಯಿ ಉದುರಿತೇ, ಕೊಳೆರೋಗ ಹಿಡಿಯಿತೇ ಎಂದು ಮಾತು ಸಾಗುತ್ತದೆ. ಪುಷ್ಯ ಎನ್ನುವುದು ಆಕಾಶದಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದು ಜಾಗ ಎಂಬುದು ಈ ಮಾತಿನ ನಡುವೆ ಯಾರಿಗೂ ನೆನಪಾಗುವುದಿಲ್ಲ. ನೆನಪಾದರೂ ಆಗ ತೋರಿಸಲು ಬರುವುದಿಲ್ಲ. ಮಳೆನಕ್ಷತ್ರದ ಲೆಕ್ಕವೇ ಅಂಥದ್ದು: ಸೂರ್ಯ ಯಾವ ನಕ್ಷತ್ರದ ಪಾಲಿನ ಆಕಾಶದಲ್ಲಿ ಸಾಗುತ್ತಿದ್ದಾನೋ, ಆಗ ಬರುವ ಮಳೆಗೆ ಆ ನಕ್ಷತ್ರದ ಹೆಸರು. ಜುಲೈ ಕೊನೆಯ ಎರಡು ದಿನಗಳಲ್ಲಿ ಸೂರ್ಯ ಪುಷ್ಯದ ಚುಕ್ಕಿಗಳಿಗೆ ಒಂದೂ ಚಿಲ್ಲರೆ ಡಿಗ್ರಿ ದಕ್ಷಿಣಕ್ಕೆ ಹಾದುಹೋಗುತ್ತಾನೆ. ಮೋಡಗಳನ್ನೆಲ್ಲ ಎತ್ತಿ ಪಕ್ಕಕ್ಕಿಟ್ಟರೂ ಅವು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತವೆ.

ಹಾಗಾಗಿ ಪುಷ್ಯವನ್ನು ಕಣ್ಣಾರೆ ನೋಡಬೇಕೆಂದರೆ ಮಳೆಯಿಂದ ಆರು ತಿಂಗಳು ಆಚೆ ಬರಬೇಕು. ಜನವರಿ ಕೊನೆಯಲ್ಲಿ ಅದು ನಡುರಾತ್ರಿಯ ನಕ್ಷತ್ರ. ಮಾರ್ಚ್ ನಡುವಿಗೆ ರಾತ್ರಿ ಹತ್ತಕ್ಕೆ ಸ್ವಲ್ಪ ಮೊದಲೇ ನೆತ್ತಿಗೆ ಬರುತ್ತದೆ. (ಪುಸ್ತಕದ ನಕ್ಷೆಗಳು ಹೇಳುವುದಕ್ಕಿಂತ ಇಲ್ಲಿ ಎಲ್ಲವೂ ಅರ್ಧ ಗಂಟೆ ತಡ. ನಮ್ಮ ಗಡಿಯಾರ ಪೂರ್ವದ 82.5 ಡಿಗ್ರಿ ರೇಖಾಂಶದ್ದು, ಬಾಳೂರು ಅದಕ್ಕಿಂತ ಏಳು ಡಿಗ್ರಿ ಪಶ್ಚಿಮಕ್ಕಿದೆ.) ನೆತ್ತಿ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬಹುದು. ಬಾಳೂರಿನ ಅಕ್ಷಾಂಶ 13 ಡಿಗ್ರಿ ಚಿಲ್ಲರೆ. ಪುಷ್ಯದ ತಾರಾಗುಚ್ಛ ಆಕಾಶದ ಸಮಭಾಜಕದಿಂದ ಹತ್ತಿರ ಹತ್ತಿರ 20 ಡಿಗ್ರಿ ಉತ್ತರಕ್ಕಿದೆ. ಅಂದರೆ ನಡುನೆತ್ತಿಗೆ ಆರೂವರೆ ಡಿಗ್ರಿಯಷ್ಟೇ ದೂರದಲ್ಲಿ ದಾಟುತ್ತದೆ. ಯುರೋಪಿನ ವೀಕ್ಷಕ ಇದನ್ನು ಓರೆಯಾಗಿ, ಹೆಚ್ಚು ಗಾಳಿಯ ಮೂಲಕ ನೋಡಬೇಕು. ಮಲೆನಾಡಿನವರಿಗೆ ಅದು ಅತ್ಯಂತ ತೆಳುವಾದ ಗಾಳಿಯ ಪದರದಾಚೆ ಸಿಗುತ್ತದೆ.

ಹೆಸರಿಗೂ ಮಳೆಗೂ ಇರುವ ನಂಟು ಶಾಶ್ವತವೂ ಅಲ್ಲ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಸುತ್ತು ಹೊಡೆಯುವುದರಿಂದ, ಋತುಗಳಿಗೆ ಹೋಲಿಸಿದರೆ ಸೂರ್ಯ ಒಂದು ನಕ್ಷತ್ರವನ್ನು ತಲುಪುವ ದಿನ 72 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತದೆ. ಇದೇ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಆಗಿನ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಸಾವಿರ ವರ್ಷದ ಹಿಂದೆ ಅಲ್ಲಿದ್ದ ಮೊದಲ ಹೊಯ್ಸಳ ನಾಯಕರ ಕಾಲಕ್ಕೆ ಪುಷ್ಯ ಮಳೆ ಇಂದಿಗಿಂತ ಎರಡು ವಾರ ಮೊದಲೇ, ಈಗಿನ ಲೆಕ್ಕದ ಜುಲೈ 6ರ ಹೊತ್ತಿಗೇ, ಹಿಡಿಯುತ್ತಿತ್ತು. ಮುಂಗಾರು ತನ್ನ ಪಾಡಿಗೆ ಬಂದು ಹೋಗುತ್ತಿದೆ, ಹೆಸರುಗಳ ಸಾಲು ಅದರ ಮೇಲೆ ಮೆಲ್ಲಗೆ ಜಾರುತ್ತಿದೆ. ಹಳೆಯ ಮಳೆಗಾದೆಗಳನ್ನು ಇಂದಿನ ಮಳೆಮಾಪನಕ್ಕೆ ಹೊಂದಿಸಹೊರಡುವವರು ಈ ಎರಡು ವಾರವನ್ನು ಕಳೆಯಲು ಮರೆಯುತ್ತಾರೆ.

ಇನ್ನು ನೋಡುವ ಜಾಗ. ಕಾಫಿ ತೋಟದೊಳಗೆ ಆಕಾಶವೇ ಇಲ್ಲ. ಮೇಲೆ ಅತ್ತಿ, ಹಲಸು, ಸಿಲ್ವರ್ ಓಕಿನ ನೆರಳು, ಅದರ ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹಗಲಲ್ಲಿ ಬಿಸಿಲನ್ನು ಸೋಸುವ ಈ ಏರ್ಪಾಡು ರಾತ್ರಿ ನಕ್ಷತ್ರಗಳನ್ನೂ ಸೋಸಿಬಿಡುತ್ತದೆ. ತೆರೆದ ಆಕಾಶ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ. ಸಮತಟ್ಟು ನೆಲ, ಸುತ್ತ ಮರವಿಲ್ಲ, ಟ್ರೈಪಾಡ್ ಅಲುಗಾಡುವುದಿಲ್ಲ. ತೊಂದರೆಗಳೂ ಇವೆ. ಹಗಲೆಲ್ಲ ಕಾದ ಸಿಮೆಂಟು ಮುಂಜಾವದವರೆಗೂ ಬಿಸಿ ಬಿಡುತ್ತದೆ. ದೂರದರ್ಶಕದಲ್ಲಿ ಗ್ರಹ ನೋಡುವವನಿಗೆ ಆ ಗಾಳಿಯ ಕುದಿತ ಶತ್ರು, ನಮ್ಮ ಅಗಲ ನೋಟದ ಕೆಲಸಕ್ಕೆ ಅಷ್ಟೇನೂ ಅಡ್ಡಿಯಿಲ್ಲ. ಕಾಫಿಗೆ ಬೆಲೆ ಬಂದ ವರ್ಷಗಳಲ್ಲಿ ಕಳ್ಳರ ಭಯಕ್ಕೆ ಕಣದ ಮೂಲೆಗೆ ಹಾಕುವ ಫ್ಲಡ್‌ಲೈಟು ಇನ್ನೂ ದೊಡ್ಡ ತಕರಾರು. ಅದನ್ನು ಎರಡು ಗಂಟೆ ಆರಿಸಿ ಎಂದು ತೋಟದ ಯಜಮಾನನನ್ನು ಒಪ್ಪಿಸುವುದು ಖಗೋಳಶಾಸ್ತ್ರದ ಅತಿ ಕಷ್ಟದ ಭಾಗ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮೂಡಿಗೆರೆ ಭಾಗದಲ್ಲಿ ಕಾಡಾನೆಯ ಸುದ್ದಿ ಇರುವ ದಿನ ಕಣ ಬಿಟ್ಟು ತೋಟದ ದಾರಿಯಲ್ಲಿ ಅಲೆಯುವ ಯೋಚನೆಯನ್ನೇ ಮಾಡಬೇಡಿ.

ಕಾಲದ ಆಯ್ಕೆಯೂ ಸೂಕ್ಷ್ಮ. ಡಿಸೆಂಬರ್, ಜನವರಿಯಲ್ಲಿ ಕಣದ ತುಂಬ ಕಾಫಿ ಹಣ್ಣು, ಪಾರ್ಚ್‌ಮೆಂಟು. ರಾತ್ರಿಯಾದರೆ ಮಂಜಿಗೆ ಹೆದರಿ ಟಾರ್ಪಾಲು. ಅದೇ ಮಂಜು ಲೆನ್ಸಿನ ಮೇಲೂ ಕೂರುತ್ತದೆ. ಫೆಬ್ರವರಿ, ಮಾರ್ಚಿಗೆ ಅರೇಬಿಕಾ ಒಣಗಿ ಮೂಟೆ ಸೇರಿರುತ್ತದೆ, ಕಣ ಅರ್ಧವಾದರೂ ಖಾಲಿ. ಪುಷ್ಯವೂ ಹೊತ್ತಿಗೆ ಸರಿಯಾಗಿ ಮೇಲೇರಿರುತ್ತದೆ. ಪಕ್ಕದ ತೋಟದಲ್ಲಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾರಿಸುತ್ತಿದ್ದರೆ ಮಾತ್ರ ಆ ರಾತ್ರಿ ತೇವದ ಗಾಳಿಗೆ ಲೆನ್ಸನ್ನು ಮತ್ತೆ ಮತ್ತೆ ಒರೆಸುತ್ತ ಕೂರಬೇಕು.

ಹುಡುಕುವುದು ಸುಲಭ. ಪುನರ್ವಸುವಿನ ಜೋಡಿ, ಅಂದರೆ ಮಿಥುನದ ಎರಡು ಹೊಳೆಯುವ ಚುಕ್ಕಿಗಳನ್ನು ಮೊದಲು ಗುರುತಿಸಿ. ಅವುಗಳ ಪೂರ್ವಕ್ಕೆ ಮಘೆ. ಈ ಎರಡರ ನಡುವಿನ ಆಕಾಶ ಬರಿದಾದಂತೆ ಕಾಣುತ್ತದಲ್ಲ, ಅಲ್ಲೇ ಕರ್ಕಾಟಕ ರಾಶಿ. ಅದರ ನಡುವೆ ಡೆಲ್ಟಾ, ಗ್ಯಾಮಾ ಎಂಬ ಎರಡು ಮಂಕು ಚುಕ್ಕಿಗಳು, ಪಕ್ಕದಲ್ಲೇ ಹತ್ತಿಯ ಎಳೆಯಷ್ಟು ಬಿಳಿ ಮಬ್ಬು, ಅದೇ ಪುಷ್ಯದ ಗುಚ್ಛ. ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಬೆಂಗಳೂರಿನ ತಾರಸಿಯಿಂದ ಈ ಮಬ್ಬು ಕಾಣುವುದಿಲ್ಲ. ಬಾಳೂರಿನಲ್ಲಿ ಚಂದ್ರನಿಲ್ಲದ ರಾತ್ರಿ ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಕಂಡೇ ಕಾಣುತ್ತದೆ.

ಬೈನಾಕ್ಯುಲರ್ ಎತ್ತಿದ ಕೂಡಲೇ ಮಬ್ಬು ಒಡೆದು ಹತ್ತಾರು ಚುಕ್ಕಿಗಳಾಗುತ್ತದೆ. ಮೊದಲ ಬಾರಿ ಇದನ್ನು ಕಂಡು ಬರೆದಿಟ್ಟವನು ಗೆಲಿಲಿಯೊ. 1610ರಲ್ಲಿ ಅಚ್ಚಾದ ಪುಟ್ಟ ಪುಸ್ತಕದಲ್ಲಿ, ಮೋಡದ ತುಣುಕು ಎಂದು ತಿಳಿದಿದ್ದ ಇದರಲ್ಲಿ ನಲವತ್ತಕ್ಕೂ ಹೆಚ್ಚು ನಕ್ಷತ್ರಗಳಿವೆ ಎಂದು ಚಿತ್ರಸಮೇತ ತೋರಿಸಿದ. 1769ರಲ್ಲಿ ಫ್ರಾನ್ಸಿನ ಮೆಸಿಯೆ ತನ್ನ ಪಟ್ಟಿಗೆ ಇದನ್ನು 44ನೆಯದಾಗಿ ಸೇರಿಸಿಕೊಂಡ. ಅಂದಿನಿಂದ ಜಗತ್ತಿನ ಹವ್ಯಾಸಿಗಳಿಗೆಲ್ಲ ಇದು ಎಂ44. ಗ್ರೀಕರು ಇದನ್ನು ಮೇವಿನ ಗೋದಲಿ ಎಂದೂ, ಡೆಲ್ಟಾ, ಗ್ಯಾಮಾಗಳನ್ನು ಮೇಯಲು ನಿಂತ ಎರಡು ಕತ್ತೆಗಳೆಂದೂ ಕರೆದರು. ಚೀನೀಯರ ಕಲ್ಪನೆ ಕತ್ತಲೆಯದು: ಹೆಣಗಳ ರಾಶಿಯಿಂದ ಏಳುವ ಹಬೆ.

ಗ್ರೀಕರ ಮಾತಿನಲ್ಲಿ ಮಲೆನಾಡಿಗೆ ಬೇಕಾದ ಒಂದು ಸಂಗತಿಯಿದೆ. ಕ್ರಿಸ್ತಪೂರ್ವ 3ನೆಯ ಶತಮಾನದ ಆರಾಟಸ್ ಎಂಬ ಕವಿ ಈ ಗೋದಲಿಯನ್ನು ಹವಾಮಾನದ ಗುರುತಾಗಿ ಹೇಳಿದ್ದಾನೆ: ಕತ್ತೆಗಳೆರಡೂ ಕಾಣುತ್ತಿದ್ದು ಗೋದಲಿ ಮಾತ್ರ ಮಾಯವಾದರೆ ಬಿರುಗಾಳಿ ಮಳೆ ಹತ್ತಿರ. ಇದು ಬರೀ ನಂಬಿಕೆಯಲ್ಲ, ಹಿಂದೆ ಭೌತಶಾಸ್ತ್ರವಿದೆ. ಮಳೆ ತರುವ ವ್ಯವಸ್ಥೆ ಬರುವ ಮೊದಲು ಬಹಳ ಎತ್ತರದಲ್ಲಿ, ಕಣ್ಣಿಗೆ ಗೊತ್ತೇ ಆಗದಷ್ಟು ತೆಳುವಾಗಿ ಹಿಮಕಣಗಳ ಮೋಡ ಹರಡಿಕೊಳ್ಳುತ್ತದೆ. ಒಂಟಿ ಚುಕ್ಕಿಯ ಬೆಳಕೆಲ್ಲ ಒಂದೇ ಕಡೆ ಇರುವುದರಿಂದ ಸ್ವಲ್ಪ ಕುಂದಿದರೂ ಅದು ಉಳಿದುಕೊಳ್ಳುತ್ತದೆ. ಗುಚ್ಛದ ಮಬ್ಬು ಬೆಳಕು ಅಗಲಕ್ಕೆ ಚೆಲ್ಲಿರುತ್ತದೆ, ಹಿನ್ನೆಲೆಯ ಆಕಾಶಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ಮೋಡ ಅದನ್ನು ಕುಂದಿಸಿ, ಹಿನ್ನೆಲೆಯನ್ನು ಚೂರು ಬೆಳಗಿಸಿದರೆ ಮುಗಿಯಿತು, ವ್ಯತ್ಯಾಸ ಅಳಿಸಿಹೋಗುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಕಾಯುವ ಪ್ಲಾಂಟರುಗಳು ಮೊಬೈಲಿನ ಹವಾಮಾನ ಆ್ಯಪ್ ನೋಡಿ ನೋಡಿ ಬೇಸತ್ತಾಗ ಈ ಪರೀಕ್ಷೆ ಮಾಡಿ ನೋಡಬಹುದು. ಮಳೆಗೆ ಹೆಸರು ಕೊಟ್ಟ ನಕ್ಷತ್ರವೇ ಮಳೆಯ ಮುನ್ಸೂಚನೆಗೂ ಬರುತ್ತದೆ, ಅದೂ ತನ್ನ ಮಳೆಯಲ್ಲ, ರೇವತಿಯದೋ ಅಶ್ವಿನಿಯದೋ!

ಈ ಚುಕ್ಕಿಗಳು ಒಂದೇ ದಿಕ್ಕಿನಲ್ಲಿ ಆಕಸ್ಮಿಕವಾಗಿ ಕಾಣುತ್ತಿರುವವಲ್ಲ. ನಮ್ಮಿಂದ ಸುಮಾರು 600 ಜ್ಯೋತಿರ್ವರ್ಷ ದೂರದಲ್ಲಿ ಸಾವಿರದಷ್ಟು ನಕ್ಷತ್ರಗಳು ಪರಸ್ಪರ ಗುರುತ್ವದಲ್ಲಿ ಸಡಿಲವಾಗಿ ಕಟ್ಟಿಕೊಂಡು ಒಟ್ಟಿಗೆ ಸಾಗುತ್ತಿವೆ. ಇಂಥದ್ದಕ್ಕೆ ತೆರೆದ ತಾರಾಗುಚ್ಛ ಎಂದು ಹೆಸರು. ಒಂದೇ ಅನಿಲಮೋಡ ಕುಸಿದು, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದವು ಇವೆಲ್ಲ. ಒಂದೇ ವರ್ಷ, ಒಂದೇ ನರ್ಸರಿಯ ಸಸಿ ತಂದು ನೆಟ್ಟ ತೋಟದಲ್ಲಿ ಗಿಡಗಿಡಕ್ಕೂ ಕಾಣುವ ವ್ಯತ್ಯಾಸಕ್ಕೆ ವಯಸ್ಸು ಕಾರಣವಲ್ಲ ಎಂದು ಖಚಿತವಾಗಿ ಹೇಳಬಹುದಲ್ಲ, ಹಾಗೆ. ಗುಚ್ಛದಲ್ಲಿ ವಯಸ್ಸು ಒಂದೇ, ದೂರ ಒಂದೇ, ಮೂಲದ್ರವ್ಯವೂ ಒಂದೇ. ಬೇರೆಯಾಗಿರುವುದು ಹುಟ್ಟುವಾಗ ಪಡೆದ ತೂಕ ಮಾತ್ರ. ಖಗೋಳಶಾಸ್ತ್ರಜ್ಞರು ಗುಚ್ಛಗಳ ಬೆನ್ನು ಬಿದ್ದಿರುವುದು ಇದಕ್ಕೇ.

ತೂಕದ ನಕ್ಷತ್ರ ದುಂದುಗಾರ. ಸೂರ್ಯ ತನ್ನ ಹೈಡ್ರೋಜನ್ ಉರಿಸಲು ಸಾವಿರ ಕೋಟಿ ವರ್ಷ ತೆಗೆದುಕೊಂಡರೆ, ಅದರ ಎರಡೂವರೆ ಪಟ್ಟು ತೂಕದ ನಕ್ಷತ್ರ ಅದರ ಹತ್ತನೇ ಒಂದಕ್ಕಿಂತ ಕಡಿಮೆ ಕಾಲದಲ್ಲಿ ಮುಗಿಸಿ, ಉಬ್ಬಿ, ತಣಿದು, ಕಿತ್ತಳೆ ಬಣ್ಣದ ದೈತ್ಯನಾಗುತ್ತದೆ. ಗುಚ್ಛವೊಂದರಲ್ಲಿ ಎಷ್ಟು ತೂಕದವು ದೈತ್ಯರಾಗಿವೆ, ಎಷ್ಟರವು ಇನ್ನೂ ನೀಲಿಬಿಳಿಯಾಗಿ ಉರಿಯುತ್ತಿವೆ ಎಂದು ನೋಡಿದರೆ ಗುಚ್ಛದ ವಯಸ್ಸು ಸಿಕ್ಕಿತು. ಕೃತ್ತಿಕೆಯ ಹೊಳೆಯುವ ಚುಕ್ಕಿಗಳೆಲ್ಲ ನೀಲಿ, ಅದರ ವಯಸ್ಸು ಹತ್ತು ಕೋಟಿ ವರ್ಷ ಚಿಲ್ಲರೆ. ಪುಷ್ಯದಲ್ಲಿ ನೀಲಿಬಿಳಿಯ ನಡುವೆ ನಾಲ್ಕೈದು ಕಿತ್ತಳೆ ದೈತ್ಯರಿದ್ದಾರೆ. ವಯಸ್ಸು 60ರಿಂದ 70 ಕೋಟಿ ವರ್ಷ. ಇಷ್ಟೇ ವಯಸ್ಸಿನ ಇನ್ನೊಂದು ಗುಚ್ಛ ರೋಹಿಣಿಯ ಹಿಂದೆ ಹರಡಿಕೊಂಡಿದೆ (ರೋಹಿಣಿ ಅದರ ಸದಸ್ಯೆಯಲ್ಲ, ನಡುದಾರಿಯಲ್ಲಿ ಅಡ್ಡ ನಿಂತವಳು). ಎರಡೂ ಆಕಾಶದಲ್ಲಿ ಸಾಗುವ ರೀತಿ ಒಂದೇ ತೆರನಾಗಿರುವುದರಿಂದ ಅವು ಒಡಹುಟ್ಟಿದವು ಎಂಬ ಊಹೆ ಬಹಳ ಕಾಲದಿಂದ ಇದೆ. ಪುಷ್ಯದ ಸೂರ್ಯನಂಥ ಎರಡು ನಕ್ಷತ್ರಗಳ ಸುತ್ತ ಗುರುಗ್ರಹದಂಥ ಬಿಸಿ ಗ್ರಹಗಳು 2012ರಲ್ಲಿ ಪತ್ತೆಯಾದವು.

ಕಣ್ಣಿಗೆ ಈ ಬಣ್ಣಗಳು ದಕ್ಕುವುದಿಲ್ಲ. ಕಡಿಮೆ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಬಣ್ಣದ ಅರಿವಿಲ್ಲ. ಕ್ಯಾಮೆರಾ ಬೇಕಾಗುವುದು ಇಲ್ಲಿ. ಮೂಡಿಗೆರೆಗೆ ಕ್ಯಾಮೆರಾ ಹೊಸದೇನಲ್ಲ, ಲೇಖಕ ಪೂರ್ಣಚಂದ್ರ ತೇಜಸ್ವಿ ಇಲ್ಲಿನ ಹಕ್ಕಿಗಳ ಹಿಂದೆ ಅದನ್ನು ಹಿಡಿದು ಅಲೆದದ್ದು ಎಲ್ಲರಿಗೂ ಗೊತ್ತು. ಹಕ್ಕಿಗೆ ಸೆಕೆಂಡಿನ ಸಾವಿರದ ಒಂದು ಭಾಗ ಸಾಕು, ನಮ್ಮ ಗುಚ್ಛಕ್ಕೆ ನಿಮಿಷಗಟ್ಟಲೆ ಬೆಳಕು ಕೂಡಿಡಬೇಕು. ಆದರೆ ಹಕ್ಕಿಯ ಹಾಗೆ ಆಕಾಶವೂ ಓಡುತ್ತದೆ, ಸೆಕೆಂಡಿಗೆ 15 ಆರ್ಕ್‌ಸೆಕೆಂಡಿನಂತೆ.

ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಸಣ್ಣ ಸೆನ್ಸರು, 85 ಮಿಲಿಮೀಟರ್ ಲೆನ್ಸು ಇದೆ ಎನ್ನಿ. ಪಿಕ್ಸೆಲ್ 4 ಮೈಕ್ರಾನಿನದಾದರೆ ಒಂದು ಪಿಕ್ಸೆಲ್ ಆಕಾಶದ ಹತ್ತಿರ ಹತ್ತಿರ 10 ಆರ್ಕ್‌ಸೆಕೆಂಡನ್ನು ನೋಡುತ್ತದೆ. ಟ್ರೈಪಾಡಿನ ಮೇಲೆ ಸುಮ್ಮನೆ ಇಟ್ಟರೆ ಎರಡು ಸೆಕೆಂಡಿನಲ್ಲಿ ಚುಕ್ಕಿ ಮೂರು ಪಿಕ್ಸೆಲ್ ಜಾರಿರುತ್ತದೆ. ಅಷ್ಟಕ್ಕೆ ನಿಲ್ಲಿಸಿ, ಅಂಥ ಇನ್ನೂರು ಚಿತ್ರ ತೆಗೆದು, ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸಬಹುದು. ನೂರು ಚಿತ್ರ ಪೇರಿಸಿದರೆ ಗದ್ದಲಕ್ಕಿಂತ ಸಂಕೇತ ಹತ್ತು ಪಟ್ಟು ಮೇಲೇಳುತ್ತದೆ. ನಾನೂರಕ್ಕೆ ಇಪ್ಪತ್ತು ಪಟ್ಟು. ವರ್ಗಮೂಲದ ಈ ನಿಯಮ ಜಿಪುಣ, ಹಾಗಾಗಿ ತಾಳ್ಮೆಗೆ ಒಂದು ಮಿತಿ ಹಾಕಿಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ನನಗೆ ಇಷ್ಟವಾದದ್ದು ಮರದ ಹಲಗೆಯ ಉಪಾಯ. ಎರಡು ಹಲಗೆಗಳನ್ನು ಒಂದು ಕೀಲಿನಿಂದ ಜೋಡಿಸಿ, ಕೀಲಿನಿಂದ 22.85 ಸೆಂಟಿಮೀಟರ್ ದೂರದಲ್ಲಿ ಎಂ6 ಬೋಲ್ಟು ಹಾಕಬೇಕು. ಎಂ6ರ ಮರೆಯ ಅಂತರ ಒಂದು ಮಿಲಿಮೀಟರ್. ನಿಮಿಷಕ್ಕೆ ಒಂದು ಸುತ್ತಿನಂತೆ ಬೋಲ್ಟನ್ನು ಕೈಯಲ್ಲಿ ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳುತ್ತದೆ. ಲೆಕ್ಕ ಸರಳ: ಆಕಾಶ ಒಂದು ಸುತ್ತು ಬರಲು 1,436 ನಿಮಿಷ, ಅಷ್ಟು ಮಿಲಿಮೀಟರ್ ಪರಿಧಿಯ ವೃತ್ತದ ತ್ರಿಜ್ಯ ಸುಮಾರು 228.5 ಮಿಲಿಮೀಟರ್. ಸಾಮಾನುಗಳೆಲ್ಲ ಯಾವ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ, ಹಲಗೆಗೆ ತೋಟದ ಸಿಲ್ವರ್ ಓಕೇ ಆದೀತು. ಐದಾರು ನಿಮಿಷದ ನಂತರ ನೇರ ಬೋಲ್ಟು ವೃತ್ತದಿಂದ ದಾರಿ ತಪ್ಪತೊಡಗುತ್ತದೆ. ಆಗ ತಿರುಗಿಸಿ ಮುಚ್ಚಿ, ಮೊದಲಿನಿಂದ ಶುರು.

ಕೀಲು ಧ್ರುವದ ಕಡೆ ನೋಡಬೇಕು, ಮಲೆನಾಡಿನವರಿಗೆ ಇಲ್ಲೇ ಬರುವುದು ಪೇಚು. ಧ್ರುವತಾರೆಯ ಎತ್ತರ ಊರಿನ ಅಕ್ಷಾಂಶದಷ್ಟೇ. ಬಾಳೂರಿನಲ್ಲಿ 13 ಡಿಗ್ರಿ. ಯಾವುದೋ ಗುಡ್ಡ, ಇಲ್ಲವೇ ಮರದ ಸಾಲು ಅದನ್ನು ನುಂಗಿರುತ್ತದೆ. ಹೆದರಬೇಕಿಲ್ಲ. 85 ಮಿಲಿಮೀಟರ್ ಲೆನ್ಸಿನಲ್ಲಿ 30 ಸೆಕೆಂಡಿನ ಚಿತ್ರಕ್ಕೆ ಧ್ರುವದಿಂದ ಎರಡು ಡಿಗ್ರಿ ತಪ್ಪಿದರೂ ಚುಕ್ಕಿ ಸುಮಾರು ಒಂದೂವರೆ ಪಿಕ್ಸೆಲ್ಲಿಗಿಂತ ಹೆಚ್ಚು ಜಾರದು. ಫೋನಿನ ಮಟ್ಟಗೋಲಿನಿಂದ 13 ಡಿಗ್ರಿ ಓರೆ ಇಟ್ಟು, ಕಂಪಾಸಿನ ಉತ್ತರಕ್ಕೆ ತಿರುಗಿಸಿದರೆ ಸಾಕು. ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇಲ್ಲಿ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ. ಕಣದ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳಿದ್ದರೆ ಕಂಪಾಸನ್ನು ನೆಲದ ಮೇಲಿಟ್ಟು ನೋಡಬೇಡಿ.

ಬಣ್ಣ ಉಳಿಸಿಕೊಳ್ಳುವುದಕ್ಕೆ ಕೆಲವು ಎಚ್ಚರ ಬೇಕು. ಲೆನ್ಸನ್ನು ಪೂರ್ತಿ ತೆರೆದರೆ ಹೊಳೆಯುವ ಚುಕ್ಕಿಗಳ ಸುತ್ತ ಸುಳ್ಳು ನೀಲಿ ಅಂಚು ಬರುತ್ತದೆ, ಒಂದು ಹಂತ ಮುಚ್ಚಿ ಎಫ್ 2.8ಕ್ಕೆ ತನ್ನಿ. ಚಿತ್ರ ಕಚ್ಚಾ ರೂಪದಲ್ಲಿರಲಿ, ಬಿಳಿಯ ಹೊಂದಾಣಿಕೆ ಹಗಲಿನದಿರಲಿ. ಹೆಚ್ಚು ಬೆಳಕು ಕುಡಿದ ಪಿಕ್ಸೆಲ್ ಬಿಳಿಚಿಕೊಳ್ಳುತ್ತದೆ, ಎಲ್ಲ ನಕ್ಷತ್ರವೂ ಬೆಳ್ಳಗೆ ಕಂಡರೆ ತಪ್ಪು ಅಲ್ಲಿದೆ. ಒಂದೆರಡು ಚಿತ್ರಗಳನ್ನು ಬೇಕೆಂದೇ ಕೊಂಚ ಫೋಕಸ್ ತಪ್ಪಿಸಿ ತೆಗೆಯುವುದು ಹಳೆಯ ಜಾಣ್ಮೆ: ಚುಕ್ಕಿ ಪುಟ್ಟ ಬಿಲ್ಲೆಯಾಗಿ ಹರಡಿ, ಪಿಕ್ಸೆಲ್ ತುಂಬಿ ಚೆಲ್ಲದೆ, ಬಣ್ಣ ಸ್ಪಷ್ಟವಾಗಿ ನಿಲ್ಲುತ್ತದೆ. ಪುಷ್ಯದ ಕಿತ್ತಳೆ ದೈತ್ಯರನ್ನು ಎಣಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

85 ಮಿಲಿಮೀಟರ್ ಎಂದೇ ಹೇಳಿದ್ದಕ್ಕೆ ಕಾರಣವಿದೆ. ಆ ಚೌಕಟ್ಟು ಉದ್ದಕ್ಕೆ ಸುಮಾರು 15 ಡಿಗ್ರಿ. ಪುಷ್ಯದಿಂದ ಆಶ್ಲೇಷೆಯ ಕಡೆಗೆ, ಎಂಟು ಡಿಗ್ರಿ ದಕ್ಷಿಣಕ್ಕೆ ಇಳಿದರೆ ಇನ್ನೊಂದು ತೆರೆದ ಗುಚ್ಛ ಸಿಗುತ್ತದೆ, ಎಂ67. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಬಹುದು. ಬಾಳೂರಿನಲ್ಲಿ ಎಂ67 ನಡುನೆತ್ತಿಗೆ ಒಂದೂ ಕಾಲು ಡಿಗ್ರಿ ಅಂತರದಲ್ಲಿ ದಾಟುತ್ತದೆ, ಮೇಲೆ ಎಂದರೆ ನೆಟ್ಟಗೆ ಮೇಲೆ. ಬೈನಾಕ್ಯುಲರಿನಲ್ಲಿ ಅದೊಂದು ಮಸುಕು ಕಲೆ. ದೂರ ಸುಮಾರು 2,800 ಜ್ಯೋತಿರ್ವರ್ಷ, ವಯಸ್ಸು ಸುಮಾರು 400 ಕೋಟಿ ವರ್ಷ, ನಮ್ಮ ಸೂರ್ಯನ ವಾರಿಗೆಯದು.

ಇಷ್ಟು ಕಾಲ ಬಾಳಿದ ತೆರೆದ ಗುಚ್ಛ ಅಪರೂಪ. ಆಕಾಶಗಂಗೆಯ ತಟ್ಟೆಯಲ್ಲಿ ಸುತ್ತುವಾಗ ಎದುರಾಗುವ ದೊಡ್ಡ ಅನಿಲಮೋಡಗಳು, ಗೆಲಾಕ್ಸಿಯ ಒಟ್ಟು ಎಳೆತ, ಒಳಗಿನ ನೂಕಾಟ ಎಲ್ಲ ಸೇರಿ ಸದಸ್ಯರನ್ನು ಒಬ್ಬೊಬ್ಬರಾಗಿ ಹೊರಗೆಳೆಯುತ್ತವೆ. ಪುಷ್ಯಕ್ಕೂ ಅದು ಆಗುತ್ತಿದೆ. ಗಾಯಾ ಉಪಗ್ರಹದ ಅಳತೆಗಳಲ್ಲಿ ಅದರ ಹಿಂದೆ ಮುಂದೆ ಐನೂರು ಜ್ಯೋತಿರ್ವರ್ಷದಷ್ಟು ಉದ್ದಕ್ಕೆ ಹಬ್ಬಿದ, ಕಳಚಿಕೊಂಡ ನಕ್ಷತ್ರಗಳ ಬಾಲಗಳು 2019ರಲ್ಲಿ ಗೊತ್ತಾದವು. ಎಂ67 ತಟ್ಟೆಯಿಂದ ಸುಮಾರು 1,500 ಜ್ಯೋತಿರ್ವರ್ಷ ಮೇಲಿದೆ, ಅಲ್ಲಿ ಅಂಥ ಡಿಕ್ಕಿಗಳು ಕಡಿಮೆ. ಸೂರ್ಯನದೂ ಅದರದೂ ವಯಸ್ಸು, ರಾಸಾಯನಿಕ ಹದ ಹೊಂದುವುದರಿಂದ ಸೂರ್ಯ ಅಲ್ಲೇ ಹುಟ್ಟಿರಬಹುದೇ ಎಂದು ಕೇಳಿದವರಿದ್ದಾರೆ. ಕಕ್ಷೆಗಳ ಲೆಕ್ಕ ಹಾಕಿದವರು 2012ರಲ್ಲಿ ಅದು ಸಂಭವನೀಯವಲ್ಲ ಎಂದರು.

ಚಿತ್ರವನ್ನು ಹಿಗ್ಗಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಂ67ರ ಹೊಳೆಯುವ ಚುಕ್ಕಿಗಳಲ್ಲಿ ಕಿತ್ತಳೆ ಹಳದಿಯದೇ ಮೇಲುಗೈ. ಸೂರ್ಯನಿಗಿಂತ ಮೂರನೇ ಒಂದು ಭಾಗ ಹೆಚ್ಚು ತೂಕದವೂ ಅಲ್ಲಿ ಈಗಾಗಲೇ ಉಬ್ಬತೊಡಗಿವೆ. ಲೆಕ್ಕದ ಪ್ರಕಾರ ಅಲ್ಲಿ ಒಂದೂ ನೀಲಿ ನಕ್ಷತ್ರ ಉಳಿದಿರಬಾರದು. ಆದರೆ ಕಾಂತಿಮಾನ 10ರ ಹತ್ತಿರದ ಒಂದು ಚುಕ್ಕಿ ಸ್ಪಷ್ಟ ನೀಲಿ. ಗುಚ್ಛದ ಪಟ್ಟಿಯಲ್ಲಿ ಅದು ಎಫ್81. ಹೀಗೆ ವಯಸ್ಸಿಗೆ ಒಪ್ಪದ ಎಳೆತನ ತೋರುವ ನಕ್ಷತ್ರಗಳನ್ನು ಮೊದಲು ಗಮನಿಸಿದ್ದು ಅಲನ್ ಸ್ಯಾಂಡೇಜ್, 1953ರಲ್ಲಿ, ಎಂ3 ಎಂಬ ಬೇರೊಂದು ಬಗೆಯ ಗುಚ್ಛದಲ್ಲಿ. ಎಂ67ರಲ್ಲಿ ಇಂಥವು ಹತ್ತಾರಿವೆ.

ಎಳೆತನದ ಗುಟ್ಟು ಪಕ್ಕದವರಿಂದ ಕಸಿದ ಇಂಧನ. ಜೋಡಿ ನಕ್ಷತ್ರಗಳಲ್ಲಿ ಒಂದು ಉಬ್ಬಿದಾಗ ಅದರ ಹೊರಪದರ ಇನ್ನೊಂದಕ್ಕೆ ಸುರಿಯುತ್ತದೆ, ಇಲ್ಲವೇ ಎರಡೂ ಸೇರಿ ಒಂದಾಗುತ್ತವೆ. ಸುರಿದದ್ದೇ ಆಗಿದ್ದರೆ ಕೊಟ್ಟವನ ತಿರುಳು, ಒಂದು ಬಿಸಿ ಶ್ವೇತ ಕುಬ್ಜ, ಪಕ್ಕದಲ್ಲೇ ಇರಬೇಕು. ಅದು ಬೆಳಗುವುದು ಮುಖ್ಯವಾಗಿ ಅತಿನೇರಳೆಯಲ್ಲಿ, ವಾತಾವರಣ ಅದನ್ನು ಕೆಳಗೆ ಬಿಡುವುದಿಲ್ಲ. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆ್ಯಸ್ಟ್ರೋಸ್ಯಾಟ್‌ನಲ್ಲಿ ಇದಕ್ಕೆ ಬೇಕಾದ ಕಣ್ಣಿತ್ತು: ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ಹೊಸಕೋಟೆಯ ಪ್ರಯೋಗಾಲಯದಲ್ಲಿ ಜೋಡಿಸಿದ ಅವಳಿ ದೂರದರ್ಶಕ. ಕನ್ನಡಿಯ ಅಗಲ 37.5 ಸೆಂಟಿಮೀಟರ್, ಎಷ್ಟೋ ಹವ್ಯಾಸಿಗಳ ಮನೆಯಲ್ಲಿ ಇದಕ್ಕಿಂತ ದೊಡ್ಡದಿದೆ. ಅನ್ನಪೂರ್ಣಿ ಸುಬ್ರಮಣಿಯಂ ಅವರ ತಂಡ ಅದನ್ನು ಹಳೆಯ ಗುಚ್ಛಗಳ ಕಡೆ ತಿರುಗಿಸಿತು. 2016ರಲ್ಲಿ ಎನ್‌ಜಿಸಿ 188 ಎಂಬ ಗುಚ್ಛದ ಇಂಥದೊಂದು ನೀಲಿ ನಕ್ಷತ್ರದ ಪಕ್ಕ ಬಿಸಿ ಸಂಗಾತಿ ಕಂಡಿತು. 2019ರಲ್ಲಿ ಎಂ67ರಲ್ಲೇ ಒಂದರ ಜೊತೆಗೆ, ಸೂರ್ಯನ ಐದನೇ ಒಂದು ಭಾಗದಷ್ಟು ತೂಕದ ಶ್ವೇತ ಕುಬ್ಜದ ಸುಳಿವು ಸಿಕ್ಕಿತು. ಇಷ್ಟು ಹಗುರ ಕುಬ್ಜ ಒಂಟಿ ನಕ್ಷತ್ರದಿಂದ ಆಗಲು ವಿಶ್ವದ ವಯಸ್ಸೇ ಸಾಲದು, ಬೇರೆಯವರು ಸುಲಿದಿದ್ದರೆ ಮಾತ್ರ ಸಾಧ್ಯ.

ನಿಮ್ಮ ಚಿತ್ರದಲ್ಲಿ ಎಫ್81 ಗುರುತಿಸಲು ಗುಚ್ಛದ ನಕ್ಷೆಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹಲಗೆಯ ಮೇಲಿಟ್ಟು ತೆಗೆದ 30 ಸೆಕೆಂಡಿನ ಇಪ್ಪತ್ತು ಚಿತ್ರ ಪೇರಿಸಿದರೆ ಅದು ಧಾರಾಳವಾಗಿ ಮೂಡುತ್ತದೆ. ಏಪ್ರಿಲ್ ನಡುವಿಗೆ ಕತ್ತಲಾಗುವಾಗಲೇ ಗುಚ್ಛಗಳೆರಡೂ ನೆತ್ತಿಯ ಆಸುಪಾಸಿನಲ್ಲಿರುತ್ತವೆ. ಆ ಹೊತ್ತಿಗೆ ಮಧ್ಯಾಹ್ನದ ಗುಡುಗು ಶುರುವಾಗಿರುವುದರಿಂದ ಫೆಬ್ರವರಿ, ಮಾರ್ಚಿನ ಅಮಾವಾಸ್ಯೆಗಳನ್ನು ಬಿಡದಿರುವುದು ಲೇಸು.